ಓತಿಕ್ಯಾತದ ಮೊಟ್ಟೆಗಳೂ ನಮ್ಮ ಕಾವುಪೆಟ್ಟಿಗೆಯೂ

ನಮ್ಮ ಶಾಲೆಯ ಹಿಂಬದಿಯ ಬೇಲಿಯ ಬುಡದಲ್ಲಿ ನೀರಿನ ಪೈಪು ಹೂಳುವುದಕ್ಕಾಗಿ 2025ರ ಜೂನ್ 17ರಂದು ಕಾಲುವೆ ತೋಡುತ್ತಿದ್ದರು. ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ಊಟದ ಬಿಡುವಿನಲ್ಲಿ ನಾವು ಎಂಟು ಜನ ಅಲ್ಲಿ ನಿಂತು ನೋಡುತ್ತಿದ್ದೆವು. ಕೆಲಸ ಮಾಡುವವರನ್ನು ನಿಂತು ನೋಡುವುದಕ್ಕಿಂತ ಹಿತವಾದ ಕೆಲಸ ಬೇರೆ ಉಂಟೆ? ಗುದ್ದಲಿಯ ಒಂದು ಏಟಿಗೆ ಮಣ್ಣಿನ ಹೆಂಟೆ ಮಗುಚಿ ಬಿದ್ದಿತು. ಅದರೊಳಗಿಂದ ಅವರೆಕಾಳಿಗಿಂತ ತುಸು ದೊಡ್ಡದಾದ ಬಿಳಿಯ ಮೊಟ್ಟೆಗಳು ಉರುಳಿದವು. ಎಣಿಸಿದಾಗ ಹದಿನಾರು. ಅವುಗಳಲ್ಲಿ ಎರಡು ಗುದ್ದಲಿಗೆ ಸಿಕ್ಕಿ ಒಡೆದುಹೋಗಿದ್ದವು.

"ಹಾವಿನ ಮೊಟ್ಟೆ!" ಎಂದು ಒಬ್ಬನು ಕೂಗಿದ್ದೇ ತಡ, ಅರ್ಧ ಶಾಲೆ ಅಲ್ಲಿ ನೆರೆಯಿತು. ತೋಟದ ತಾತ ಮಾತ್ರ ನಿಧಾನವಾಗಿ ಬಂದು ಬಗ್ಗಿ ನೋಡಿ, "ಹಾವಿಂದಲ್ಲ ಕಣ್ರಪ್ಪಾ, ಓತಿಕ್ಯಾತಂದು. ಮೊನ್ನೆ ಬೆಳಿಗ್ಗೆ ಇಲ್ಲೇ ಕೂತು ಗುಂಡಿ ತೋಡ್ತಿತ್ತು. ಮೊಟ್ಟೆ ಇಕ್ಕಿದ ಮೇಲೆ ಮಣ್ಣು ಎಳೆದುಕೊಂಡು ಮೂತಿಯಲ್ಲಿ ಕುಟ್ಟಿ ಕುಟ್ಟಿ ಗಟ್ಟಿ ಮಾಡಿ ಹೋಯ್ತು. ನಾನೇ ನೋಡಿದ್ದೀನಿ" ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾರಣವನ್ನು ಮುಚ್ಚಿಡದೆ ಹೇಳುತ್ತೇವೆ. ನಮ್ಮಲ್ಲಿ ಐದು ಜನ ಹುಡುಗರು, ಮೂವರು ಹುಡುಗಿಯರು. ಐದು ಜನ ಹುಡುಗರೂ ಸಣ್ಣವರಿದ್ದಾಗ ಓತಿಕ್ಯಾತ ಕಂಡಲ್ಲೆಲ್ಲ ಕಲ್ಲು ಬೀರಿದವರೇ. ಹುಲ್ಲುಕಡ್ಡಿಯ ತುದಿಗೆ ಕುಣಿಕೆ ಹಾಕಿ ಅದರ ಕುತ್ತಿಗೆಗೆ ಸಿಕ್ಕಿಸಿ ಮೆರವಣಿಗೆ ಮಾಡಿದವರೂ ಇದ್ದಾರೆ. ಗಂಡಿನ ಕುತ್ತಿಗೆ ಕೆಂಪಾಗುವುದನ್ನು ಕಂಡು, ದೂರದಿಂದಲೇ ನಮ್ಮ ರಕ್ತ ಹೀರುತ್ತದೆ ಎಂದು ನಂಬಿದ್ದೆವು. ಅದು ಹೆಣ್ಣನ್ನು ಕರೆಯುವುದಕ್ಕೂ ಇನ್ನೊಂದು ಗಂಡನ್ನು ಹೆದರಿಸುವುದಕ್ಕೂ ಬಳಿದುಕೊಳ್ಳುವ ಬಣ್ಣವೆಂದು ಆಮೇಲೆ ತಿಳಿಯಿತು. ನಮ್ಮ ಬಾಗಲೂರಿನಲ್ಲಿ ಒಂದೇ ಬೀದಿಯಲ್ಲಿ ಮೂರು ಭಾಷೆ. ಕನ್ನಡದವರಿಗೆ ಓತಿಕ್ಯಾತ, ತಮಿಳಿನವರಿಗೆ ಓಣಾನ್, ತೆಲುಗಿನವರಿಗೆ ತೊಂಡ. ಹೆಸರು ಮೂರಾದರೂ ಅದರ ಮೇಲೆ ಬೀಳುವ ಕಲ್ಲು ಮಾತ್ರ ಒಂದೇ.

ಮೊಟ್ಟೆಗಳನ್ನು ಮತ್ತೆ ಅಲ್ಲಿಯೇ ಹೂಳುವಂತಿರಲಿಲ್ಲ. ಅಲ್ಲಿ ಪೈಪು ಬರಬೇಕಾಗಿತ್ತು. ವಿಜ್ಞಾನದ ಮೇಷ್ಟ್ರು ಬಂದರು. ಬಂದವರೇ ಮೊದಲು ಮಾಡಿದ ಕೆಲಸವೆಂದರೆ ಜೇಬಿನಿಂದ ಪೆನ್ಸಿಲ್ ತೆಗೆದು, ಹದಿನಾಲ್ಕು ಮೊಟ್ಟೆಗಳ ಮೇಲ್ಭಾಗಕ್ಕೂ ಒಂದೊಂದು ಚುಕ್ಕೆ ಇಟ್ಟದ್ದು. "ಚುಕ್ಕೆ ಯಾವಾಗಲೂ ಮೇಲಿರಬೇಕು. ಕೋಳಿಮೊಟ್ಟೆಯ ಹಾಗೆ ಇದನ್ನು ಹೊರಳಿಸಬಾರದು" ಎಂದರು. ಗೂಡಿನ ಹಸಿಮಣ್ಣನ್ನೇ ಊಟದ ಡಬ್ಬಿಗೆ ತುಂಬಿ, ಚಮಚದಿಂದ ಒಂದೊಂದಾಗಿ ಎತ್ತಿಟ್ಟು ಪ್ರಯೋಗಶಾಲೆಯ ನೆರಳಿಗೆ ಒಯ್ದೆವು. ಡಬ್ಬಿ ಯಾರದೆಂದು ಹೇಳುವುದಿಲ್ಲ. ಅವಳ ತಾಯಿಯವರೂ ಈ ಸಂಚಿಕೆಯನ್ನು ಓದುತ್ತಾರೆ.

ಮೇಷ್ಟ್ರು ಅರಣ್ಯ ಇಲಾಖೆಗೆ ಫೋನ್ ಮಾಡಿ ವಿಷಯ ತಿಳಿಸಿದರು. ಹಾವು, ಉಡ, ಆಮೆ ಮೊದಲಾದವುಗಳ ಮೊಟ್ಟೆ ಸಿಕ್ಕರೆ ನಾವು ಮುಟ್ಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ, ಕೂಡಲೇ ಇಲಾಖೆಯವರಿಗೆ ತಿಳಿಸಬೇಕು. ಓತಿಕ್ಯಾತವೆಂದು ಖಚಿತವಾದ ಮೇಲೆ, ಸಾಕುವ ಯೋಚನೆ ಕೂಡದು, ಮರಿಗಳನ್ನು ಅದೇ ಬೇಲಿಗೆ ಬಿಡಬೇಕು ಎಂಬ ಮಾತಿನ ಮೇಲೆ ನಮಗೆ ಒಪ್ಪಿಗೆ ದೊರೆಯಿತು.

ಆ ಸಾಯಂಕಾಲವೇ ಜಗಳ ಶುರುವಾಯಿತು.

ನಮ್ಮಲ್ಲಿ ಎಲ್ಲರಿಗಿಂತ ಎತ್ತರದವನೊಬ್ಬನಿದ್ದಾನೆ. ಅವನ ಚಿಕ್ಕಪ್ಪ ಬೇರಿಕೆ ರಸ್ತೆಯಲ್ಲಿ ನಾಟಿಕೋಳಿ ಸಾಕಿದ್ದಾರೆ. ಅವರಲ್ಲಿ ಮೊಟ್ಟೆಗೆ ಕಾವು ಕೊಡುವ ಯಂತ್ರವೊಂದಿದೆ. ಐವತ್ತು ಮೊಟ್ಟೆ ಹಿಡಿಯುತ್ತದೆ. ತಾನೇ ಶಾಖ ನೋಡಿಕೊಳ್ಳುತ್ತದೆ, ತಾನೇ ಮೊಟ್ಟೆ ಹೊರಳಿಸುತ್ತದೆ. ಅಂಕಿಗಳು ಕೆಂಪಗೆ ಹೊಳೆಯುತ್ತವೆ. "ಅಂಥದನ್ನೇ ಸಂಘಕ್ಕೆ ಒಂದು ಕೊಂಡುಬಿಡೋಣ. ನಾವು ಮಾಡಿದರೆ ಡಬ್ಬಾ ಆಗುತ್ತೆ, ಯಂತ್ರ ಆಗಲ್ಲ" ಎಂದು ಅವನು ವಾದಿಸಿದ. ಬೆಲೆ ನಾಲ್ಕೂವರೆ ಸಾವಿರ. ನಮ್ಮ ವಿಜ್ಞಾನ ಸಂಘದ ಗಂಟು 1,860 ರೂಪಾಯಿ. ಉಳಿದದ್ದನ್ನು ಹೆತ್ತವರಿಂದ ಎತ್ತೋಣವೆಂದ. ಎದುರು ಪಕ್ಷದ ನಾಯಕಿ ಗುಲಾಬಿ ಹಸಿರುಮನೆಯಲ್ಲಿ ಕೆಲಸ ಮಾಡುವವರ ಮಗಳು. "ಹೂವು ಕಳಿಸೋ ಥರ್ಮೋಕೋಲ್ ಪೆಟ್ಟಿಗೆ ನಮ್ಮಪ್ಪ ಬಿಟ್ಟಿ ತಂದುಕೊಡ್ತಾರೆ. ನಾವೇ ಮಾಡೋಣ. ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ನಮಗೇ ಗೊತ್ತಾಗುತ್ತೆ" ಎಂದಳು. ಈ ಕೊನೆಯ ಮಾತಿನ ತೂಕ ಆ ದಿನ ನಮಗೆ ತಿಳಿಯಲಿಲ್ಲ.

ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮೊಟ್ಟೆಗೆ ಮನುಷ್ಯ ಕಾವು ಕೊಡುವ ವಿದ್ಯೆ ಎರಡು ಸಾವಿರ ವರ್ಷಕ್ಕೂ ಹಳೆಯದು. ಈಜಿಪ್ಟಿನಲ್ಲಿ ಮಣ್ಣಿನ ಇಟ್ಟಿಗೆಯ ದೊಡ್ಡ ಗೂಡುಗಳನ್ನು ಕಟ್ಟಿ, ಒಣಹುಲ್ಲು ಸಗಣಿಗಳ ಕಾವಿನಲ್ಲಿ ಒಂದೇ ಸಲಕ್ಕೆ ಸಾವಿರಾರು ಕೋಳಿಮರಿ ತೆಗೆಯುತ್ತಿದ್ದರು. ಉಷ್ಣಮಾಪಕವಿಲ್ಲದ ಕಾಲ, ಕೆಲಸದವರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿಕೊಂಡು ಶಾಖವನ್ನು ಅಳೆಯುತ್ತಿದ್ದರಂತೆ. ಆ ರೆಪ್ಪೆಯ ಕೆಲಸವನ್ನು ಇಂದು ತಂತಿಯ ತುದಿಯೊಂದು ಮಾಡುತ್ತದೆ. ಕೋಳಿಮೊಟ್ಟೆಗೆ ಬೇಕಾದ್ದು ಸುಮಾರು ಮೂವತ್ತೇಳೂವರೆ ಡಿಗ್ರಿ ಶಾಖ, ಇಪ್ಪತ್ತೊಂದು ದಿನ, ದಿನಕ್ಕೆ ಹಲವು ಸಲ ಹೊರಳಿಕೆ. ಕೋಳಿಯೇ ಕೂತಿದ್ದರೂ ಕಾಲಿನಿಂದ ಕೊಕ್ಕಿನಿಂದ ಅದು ಮಾಡುವುದು ಇದನ್ನೇ.

ಓತಿಕ್ಯಾತದ ಮೊಟ್ಟೆಯ ಜಾತಿಯೇ ಬೇರೆ. ಇದನ್ನು ನಾವು ಪುಸ್ತಕದಿಂದ ಸ್ವಲ್ಪ, ಪೆಟ್ಟು ತಿಂದು ಬಹಳ ಕಲಿತೆವು. ಕೋಳಿಮೊಟ್ಟೆಯ ಚಿಪ್ಪು ಸುಣ್ಣದ ಗೋಡೆಯಿದ್ದಂತೆ. ಮರಿಗೆ ಬೇಕಾದ ನೀರೆಲ್ಲ ಒಳಗೇ ಇರುತ್ತದೆ. ಇದರ ಚಿಪ್ಪು ಒದ್ದೆ ತೊಗಲಿನಂತೆ ಮೆತ್ತಗೆ. ಸುತ್ತಲಿನ ಮಣ್ಣಿನಿಂದ ನೀರು ಹೀರಿಕೊಂಡು ಮೊಟ್ಟೆ ದಿನದಿನಕ್ಕೂ ಉಬ್ಬುತ್ತದೆ. ಮಣ್ಣು ಒಣಗಿದರೆ ಒಳಗಿನ ನೀರು ಹೊರಗೆ ಹೋಗಿ ಸುಕ್ಕುಗಟ್ಟುತ್ತದೆ. ಕೋಳಿಮೊಟ್ಟೆಯಲ್ಲಿ ಹಳದಿಯ ಎರಡು ಕಡೆಗೂ ಹುರಿಯಂಥ ದಾರಗಳಿದ್ದು, ಹೇಗೆ ಹೊರಳಿಸಿದರೂ ಭ್ರೂಣ ಮೇಲಕ್ಕೇ ತೇಲುತ್ತದೆ. ಆಮೆ ಮೊಸಳೆಗಳ ಮೊಟ್ಟೆಯಲ್ಲಿ ಆ ಏರ್ಪಾಡಿಲ್ಲ. ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಂಡುಬಿಡುತ್ತದೆ. ಆಮೇಲೆ ಮಗುಚಿದರೆ ಅದಕ್ಕೆ ಉಳಿವಿಲ್ಲ. ಓತಿಕ್ಯಾತದ ಮೊಟ್ಟೆ ಅಷ್ಟು ನಾಜೂಕಲ್ಲದಿರಬಹುದಾದರೂ ಪರೀಕ್ಷೆ ಮಾಡಿ ನೋಡುವ ಧೈರ್ಯ ನಮಗಿರಲಿಲ್ಲ. ಮೇಷ್ಟ್ರ ಪೆನ್ಸಿಲ್ ಚುಕ್ಕೆಯ ಅರ್ಥ ಇದು. ಶಾಖವಂತೂ ಇಪ್ಪತ್ತೈದರಿಂದ ಮೂವತ್ತರ ಆಸುಪಾಸು ಸಾಕು.

ಮರುದಿನ ಮೂರನೆಯ ಪಕ್ಷವೊಂದು ಹುಟ್ಟಿಕೊಂಡಿತು. ನಮ್ಮಲ್ಲೊಬ್ಬಳ ಅಜ್ಜಿ ಜೀವಮಾನವೆಲ್ಲ ಕೋಳಿಗಳನ್ನು ಕಾವಿಗೆ ಕೂರಿಸಿದವರು. ಮಂಕರಿಗೆ ಹುಲ್ಲು ಹಾಸಿ, ಮೊಟ್ಟೆಗಳ ನಡುವೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡುತ್ತಾರೆ. ಇಲ್ಲದಿದ್ದರೆ ಗುಡುಗಿಗೆ ಮೊಟ್ಟೆ ಕೊಳೆಯುತ್ತದಂತೆ. ನಮ್ಮ ಜಗಳವನ್ನು ಕೇಳಿ ಅವರು ನಕ್ಕರು. "ಅದೇನ್ ಕೋಳಿಯೇನ್ರೋ ಕೂತು ಕಾವು ಕೊಡೋಕೆ? ಅವ್ವ ಅನ್ನೋದು ಮಣ್ಣಿಗೆ ಒಪ್ಪಿಸಿ ಹೋದ್ಲು. ನೀವೂ ಮಣ್ಣಿಗೇ ಒಪ್ಪಿಸ್ರಿ. ಒಂದು ಮಡಕೆ ತಗೊಂಡು ಬೇಲಿ ಮಗ್ಗುಲಲ್ಲಿ ಹೂಳ್ರಿ" ಎಂದರು.

ಅವರ ಮಾತು ಹಳ್ಳಿ ಮಾತೆಂದು ತಳ್ಳುವಂತಿರಲಿಲ್ಲ. ಮೇಷ್ಟ್ರು ಹೇಳಿದ ಸಂಗತಿಗಳೂ ಅದೇ ದಾರಿಗೆ ಸೇರುತ್ತಿದ್ದವು. ಮದರಾಸಿನ ಕಡಲತೀರದಲ್ಲಿ 1988ರಿಂದ ವಿದ್ಯಾರ್ಥಿಗಳ ತಂಡವೊಂದು ರಾತ್ರಿಯೆಲ್ಲ ನಡೆದು ಕಡಲಾಮೆಯ ಮೊಟ್ಟೆಗಳನ್ನು ಆರಿಸಿ ಕಾಪಾಡುತ್ತಾ ಬಂದಿದೆ. ಅವರ ಕಾವುಮನೆಯೆಂದರೆ ಬೇಲಿ ಹಾಕಿದ ಮರಳೇ. ಆಮೆ ತೋಡಿದಷ್ಟೇ ಆಳಕ್ಕೆ ಗುಂಡಿ ತೋಡಿ ಹೂಳುತ್ತಾರೆ. ಸರ್ಕಾರ 1975ರಲ್ಲಿ ಮೊಸಳೆ ಯೋಜನೆಯನ್ನು ಆರಂಭಿಸಿದಾಗಲೂ ನದಿತೀರದ ಗೂಡುಗಳಿಂದ ಮೊಟ್ಟೆ ತಂದು ಕಾವು ಕೊಟ್ಟು ಮರಿ ಮಾಡಿಸಿ, ಬೆಳೆಸಿ ನದಿಗಳಿಗೆ ಬಿಟ್ಟರು. ಮರುವರ್ಷ ಮದರಾಸಿನ ಬಳಿ ಮೊಸಳೆ ಬ್ಯಾಂಕ್ ಆರಂಭವಾಯಿತು. ಆಗುಂಬೆಯ ಕಾಡಿನಲ್ಲಿ ಕಾಳಿಂಗಸರ್ಪ ತರಗೆಲೆಗಳನ್ನು ತಾನೇ ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು ಮೈ ನಡುಗಿಸಿ ಕಾವು ಹುಟ್ಟಿಸುತ್ತದೆ. ಓತಿಕ್ಯಾತಕ್ಕೆ ಇವೊಂದೂ ಬಾರದು. ಅದಕ್ಕೆ ಬರುವುದು ಸರಿಯಾದ ಜಾಗವನ್ನು ಆರಿಸುವುದು. ಆ ಜಾಗವನ್ನೇ ನಾವು ಅಗೆದುಬಿಟ್ಟಿದ್ದೆವು.

ಕೊನೆಗೆ ಪಂಚಾಯಿತಿಯ ತೀರ್ಪಿನಂತೆ ಪಾಲು ಮಾಡಿಕೊಂಡೆವು. ಚಿಕ್ಕಪ್ಪನವರ ಯಂತ್ರ ಅಷ್ಟು ದಿನ ಖಾಲಿ ಇದ್ದುದರಿಂದ ಅದಕ್ಕೆ ಐದು. ಅಲ್ಲಿ ಚೆನ್ನಾಗಿ ನಡೆದರೆ ಸಂಘಕ್ಕೂ ಒಂದು ಕೊಳ್ಳುವ ವಿಚಾರ. ನಾವು ಮಾಡುವ ಪೆಟ್ಟಿಗೆಗೆ ಐದು. ಅಜ್ಜಿಯ ಮಡಕೆಗೆ ನಾಲ್ಕು.

ಮಡಕೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ತಳಕ್ಕೆ ತೂತು ಮಾಡಿ, ಗೂಡಿನ ಮಣ್ಣನ್ನೇ ತುಂಬಿ, ಗೇಣಿಗಿಂತ ಕಡಿಮೆ ಆಳದಲ್ಲಿ ಮೊಟ್ಟೆ ಇಟ್ಟು, ಬಾಯಿಗೆ ತಂತಿಬಲೆ ಕಟ್ಟಿ ಬೇಲಿಯ ಇನ್ನೊಂದು ಕೊನೆಯಲ್ಲಿ ಹೂಳಿದೆವು. ಖರ್ಚು ಏನೂ ಇಲ್ಲ.

ಪೆಟ್ಟಿಗೆಗೆ ನಾಲ್ಕು ದಿನ ಹಿಡಿಯಿತು. ಥರ್ಮೋಕೋಲ್ ಪೆಟ್ಟಿಗೆಯ ತಳದಲ್ಲಿ ನಾಲ್ಕು ಬೆರಳು ನೀರು. ಅದರಲ್ಲಿ ಮೀನಿನ ತೊಟ್ಟಿಗೆ ಹಾಕುವ ಹೀಟರ್. ನೀರಿನ ಮೇಲೆ ಏಳುವಂತೆ ಎರಡು ಇಟ್ಟಿಗೆ; ಇಟ್ಟಿಗೆಯ ಮೇಲೆ ಮೊಟ್ಟೆಯ ಡಬ್ಬಿ. ಬಲ್ಬು ಹಾಕೋಣವೆಂದು ಮೊದಲು ಯೋಚಿಸಿದ್ದೆವು. ಬಲ್ಬು ಗಾಳಿಯನ್ನು ಒಣಗಿಸುತ್ತದೆ, ಕರೆಂಟು ಹೋದರೆ ಐದು ನಿಮಿಷಕ್ಕೆ ತಣ್ಣಗಾಗುತ್ತದೆ. ನೀರಾದರೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ತೇವವನ್ನೂ ಕೊಡುತ್ತದೆ ಎಂದು ಮೇಷ್ಟ್ರು ತಿದ್ದಿದರು. ಡಬ್ಬಿಯೊಳಗೆ ಮಣ್ಣಿಗೆ ಬದಲಾಗಿ ವರ್ಮಿಕ್ಯುಲೈಟ್. ಇದು ಅಭ್ರಕದಂತೆ ಮಿನುಗುವ ಹಗುರವಾದ ಕಾಳು. ನೀರನ್ನು ಹೀರಿಟ್ಟುಕೊಂಡೂ ಗಾಳಿಯಾಡಲು ಬಿಡುತ್ತದೆ, ಬೂಸಲು ಹಿಡಿಯುವುದು ಕಡಿಮೆ. ಪಟ್ಟಣದಲ್ಲಾದರೆ ಹುಡುಕಬೇಕಾದೀತು. ನಮ್ಮ ಸುತ್ತ ಹಸಿರುಮನೆಗಳಿಗೆ ಬರವಿಲ್ಲ. ಸಸಿ ಎಬ್ಬಿಸುವ ತಟ್ಟೆಗಳಿಗೆ ಅದನ್ನೇ ಹಾಕುತ್ತಾರೆ. ಒಂದು ಚೀಲದ ತಳ ಕೊಡವಿದರೆ ನಮಗೆ ಬೇಕಾದಷ್ಟು. ತಕ್ಕಡಿಯಲ್ಲಿ ತೂಗಿ, ಕಾಳು ಎಷ್ಟೋ ನೀರು ಅಷ್ಟೇ ತೂಕ ಬೆರೆಸಿದೆವು. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು.

ಶಾಖವನ್ನು ಹಿಡಿತದಲ್ಲಿಡುವ ಪುಟ್ಟ ಹಲಗೆ ಹೊಸೂರಿನಲ್ಲಿ 190 ರೂಪಾಯಿಗೆ ಸಿಕ್ಕಿತು. ಹೀಟರ್ 280, ಎರಡು ಉಷ್ಣಮಾಪಕ 160, ತಂತಿ ಪ್ಲಗ್ಗು 90. ಒಟ್ಟು 720. ತಂತಿ ಜೋಡಿಸಿದವರು ನಮ್ಮಲ್ಲೊಬ್ಬನ ತಂದೆ. ಅವರು ಕರೆಂಟಿನ ಕೆಲಸ ಬಲ್ಲವರು. ನೀರು ಮತ್ತು ಕರೆಂಟು ಒಂದೇ ಪೆಟ್ಟಿಗೆಯಲ್ಲಿರುವ ಈ ಕೆಲಸವನ್ನು ಚಿಕ್ಕ ತರಗತಿಯ ತಮ್ಮ ತಂಗಿಯರು ತಾವೇ ಮಾಡಹೋಗಬಾರದೆಂದು ಅವರೇ ಬರೆಯಹೇಳಿದ್ದಾರೆ.

ಎರಡು ದಿನ ಮೊಟ್ಟೆ ಇಡದೆ ಬರಿಯ ಪೆಟ್ಟಿಗೆ ಓಡಿಸಿ ನೋಡಬೇಕೆಂದು ಮೇಷ್ಟ್ರು ಹಟ ಹಿಡಿದರು. ಆ ಹಟವೇ ನಮ್ಮನ್ನು ಕಾಪಾಡಿತು. ಶಾಖ ಅರಿಯುವ ತಂತಿಯ ತುದಿಯನ್ನು ನಾವು ಮುಚ್ಚಳದ ಹತ್ತಿರ ನೇತುಹಾಕಿದ್ದೆವು. ಗಾಳಿ ಬಿಸಿಯಾಗುವಷ್ಟರಲ್ಲಿ ನೀರು ಅತಿಯಾಗಿ ಕಾದು, ಮೊದಲ ರಾತ್ರಿಯೇ ಪೆಟ್ಟಿಗೆ 36 ಡಿಗ್ರಿ ಮುಟ್ಟಿತು. ತುದಿಯನ್ನು ಡಬ್ಬಿಯ ಪಕ್ಕಕ್ಕೆ ಇಳಿಸಿದ ಮೇಲೆ ಹದಕ್ಕೆ ಬಂತು. ಇನ್ನೊಂದು ತೊಂದರೆ ಎರಡನೆಯ ದಿನ ಕಂಡಿತು: ಮುಚ್ಚಳದಲ್ಲಿ ಆವಿ ಹನಿಗಟ್ಟಿ ನೇರವಾಗಿ ಡಬ್ಬಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಹಳೆಯ ಕಿಟಕಿಯ ಗಾಜಿನ ತುಂಡೊಂದನ್ನು ಓರೆಯಾಗಿ ಇಟ್ಟೆವು. ಹನಿಗಳು ಜಾರಿ ಪಕ್ಕಕ್ಕೆ ಹೋದವು. ನಮ್ಮ ಮನೆಗಳ ಮಾಡು ಓರೆಯಾಗಿರುವುದು ಏಕೆಂದು ಒಂಬತ್ತನೆಯ ತರಗತಿಯಲ್ಲಿ ನಮಗೆ ಹೊಳೆಯಿತು.

ಎಷ್ಟು ಡಿಗ್ರಿಗೆ ಇಡಬೇಕು ಎಂಬಲ್ಲಿ ಮತ್ತೆ ತಡೆದೆವು. ಆಗ ಮೇಷ್ಟ್ರು ಹೇಳಿದ ಸಂಗತಿಯನ್ನು ಕೇಳಿ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮಲ್ಲಿ ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಅನೇಕ ಸರೀಸೃಪಗಳಲ್ಲಿ ಹಾಗಲ್ಲ; ಮೊಟ್ಟೆ ಮಲಗಿರುವ ಶಾಖವೇ ಅದನ್ನು ತೀರ್ಮಾನಿಸುತ್ತದೆ. ನಮ್ಮ ಕಡೆಯ ಮೊಸಳೆಯ ಮೊಟ್ಟೆ 31 ಡಿಗ್ರಿಯೊಳಗೆ ಬೆಳೆದರೆ ಹೆಣ್ಣು, ಮೂವತ್ತೆರಡೂವರೆಯ ಹತ್ತಿರ ಹೆಚ್ಚಾಗಿ ಗಂಡು. ಕಡಲಾಮೆಯಲ್ಲಿ ಮರಳು ಬಿಸಿಯಾದಷ್ಟೂ ಹೆಣ್ಣು. ನಮ್ಮ ಓತಿಕ್ಯಾತದ ಮೊಟ್ಟೆಗಳನ್ನೇ ಬೇರೆ ಬೇರೆ ಶಾಖದಲ್ಲಿಟ್ಟು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. 2012ರಲ್ಲಿ ಪ್ರಕಟವಾದ ಅವರ ಶೋಧನೆಯ ಪ್ರಕಾರ ಶಾಖ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಮೊದಲು ಹೆಣ್ಣು, ಆಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು. ಲೋಕದಲ್ಲೆಲ್ಲೂ ಕಾಣದಂಥ ಈ ಕ್ರಮ ಬೇಲಿಯ ಮೇಲೆ ತಲೆ ಆಡಿಸುತ್ತಾ ಕೂತಿದ್ದ ಪ್ರಾಣಿಯಲ್ಲಿತ್ತು. ನಾವು ಅದಕ್ಕೆ ಕಲ್ಲು ಹೊಡೆಯುತ್ತಿದ್ದೆವು.

"ಹಾಗಾದ್ರೆ ಈ ಗುಂಡಿ ತಿರುಗಿಸಿ ಗಂಡು ಬೇಕೋ ಹೆಣ್ಣು ಬೇಕೋ ಅಂತ ನಾವು ಆರಿಸೋದಾ ಸಾರ್?" ಎಂದು ಹಸಿರುಮನೆಯ ಹುಡುಗಿ ಕೇಳಿದಳು. ಯಾರೂ ಉತ್ತರ ಹೇಳಲಿಲ್ಲ. ಕೊನೆಗೆ ಹಗಲು 29, ರಾತ್ರಿ 27 ಎಂದು ಇಡುವುದೆಂದಾಯಿತು. ಮಣ್ಣೂ ಹಗಲು ಬೆಚ್ಚಗಾಗಿ ರಾತ್ರಿ ತಣ್ಣಗಾಗುತ್ತದಲ್ಲವೆ? ಯಂತ್ರದವನು ತನ್ನ ಐದನ್ನು ನೆಟ್ಟಗೆ 30ಕ್ಕೆ ಒತ್ತಿಟ್ಟ. ಹೊರಳಿಸುವ ತಟ್ಟೆಯನ್ನು ಮೇಷ್ಟ್ರು ತೆಗೆಸಿದರು. ಒಳಗೆ ಒಂದು ಬಟ್ಟಲು ನೀರು.

ಮೂರು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ಪುಸ್ತಕವೊಂದರಲ್ಲಿ ದಿನಕ್ಕೆ ಮೂರು ಸಲ ಶಾಖ ಬರೆದೆವು. ಪೆಟ್ಟಿಗೆಯ ಮೊಟ್ಟೆಗಳು ಉಬ್ಬಿ ಮುಕ್ಕಾಲು ಬೆರಳು ಉದ್ದವಾದವು. ಯಂತ್ರದವು ಅಷ್ಟು ಉಬ್ಬಲಿಲ್ಲ. ಎತ್ತರದ ಹುಡುಗ ದಿನವೂ ಸಾಯಂಕಾಲ ಸೈಕಲ್ಲಿನಲ್ಲಿ ಹೋಗಿ ನೀರು ಚಿಮುಕಿಸಿ ಬರುತ್ತಿದ್ದ. ಅವನಿಗೆ ಬೇರೆಯವರ ಯಂತ್ರವೆಂಬ ಸಂಕೋಚ, ತಾನು ಗೆಲ್ಲಬೇಕೆಂಬ ಹಟ ಎರಡೂ ಇದ್ದವು.

ಜುಲೈ 12ರ ಶನಿವಾರ ಕರೆಂಟಿನವರು ರಿಪೇರಿಗೆಂದು ಬೆಳಿಗ್ಗೆ ಒಂಬತ್ತಕ್ಕೆ ತೆಗೆದು ಎರಡು ಗಂಟೆಗೆ ಕೊಟ್ಟರು. ಐದು ಗಂಟೆಯಲ್ಲಿ ನಮ್ಮ ಪೆಟ್ಟಿಗೆ 29ರಿಂದ ಇಪ್ಪತ್ತೇಳೂವರೆಗೆ ಇಳಿಯಿತು, ಅಷ್ಟೇ. ಪೆಟ್ಟಿಗೆಯ ಸುತ್ತ ಗೋಣಿತಾಟು ಸುತ್ತಿ ನಾವು ಸರದಿಯಲ್ಲಿ ಕೂತಿದ್ದೆವು. ಎತ್ತರದ ಹುಡುಗ ಆ ದಿನ ಮನೆಯವರ ಜೊತೆ ಮಾಲೂರಿಗೆ ಮದುವೆಗೆ ಹೋಗಿದ್ದ. ಚಿಕ್ಕಪ್ಪನವರ ಮನೆಯವರೂ ಅದೇ ಮದುವೆಗೆ. ಕರೆಂಟು ಬಂದಾಗ ಯಂತ್ರ ಹೊಸದಾಗಿ ಕಣ್ಣು ಬಿಟ್ಟಂತೆ ಎದ್ದಿತು. ನಾವು ಒತ್ತಿಟ್ಟಿದ್ದ 30 ಅದಕ್ಕೆ ಮರೆತುಹೋಗಿತ್ತು. ಅದಕ್ಕೆ ನೆನಪಿದ್ದದ್ದು ತಾನು ಹುಟ್ಟಿದಾಗಿನ ಪಾಠ: ಕೋಳಿಮೊಟ್ಟೆ, 37.8.

ಸೋಮವಾರ ಬೆಳಿಗ್ಗೆ ಅವನು ಶಾಲೆಗೆ ಬಂದಾಗ ಕೈಯಲ್ಲಿ ಬಟ್ಟಲಿತ್ತು. ಐದು ಮೊಟ್ಟೆಗಳೂ ಚಪ್ಪಟೆಯಾಗಿ, ಒಣಗಿದ ನೆಲ್ಲಿಕಾಯಿಯಂತೆ ಸುಕ್ಕುಗಟ್ಟಿದ್ದವು. ಪೆನ್ಸಿಲ್ ಚುಕ್ಕೆ ಮಾತ್ರ ಹಾಗೆಯೇ ಮೇಲಿತ್ತು. ಜೀವವಿದ್ದೀತೆಂದು ಎರಡು ದಿನ ಒದ್ದೆ ಕಾಳಿನಲ್ಲಿಟ್ಟು ಕಾದೆವು, ವಾಸನೆ ಬರತೊಡಗಿತು. ಮೇಷ್ಟ್ರು ಒಂದನ್ನು ಕತ್ತರಿಯಿಂದ ಬಿಡಿಸಿದರು. ಒಳಗೆ ಮರಿ ಪೂರ್ತಿಯಾಗಿಯೇ ಇತ್ತು: ಸುರುಳಿ ಸುತ್ತಿದ ಬಾಲ, ಬೆರಳು ಮೂಡಿದ ಕಾಲು, ಮೈಗೆ ದೊಡ್ಡದೆನಿಸುವ ಕಪ್ಪು ಕಣ್ಣು. ಉಳಿದ ನಾಲ್ಕನ್ನು ಬಿಡಿಸುವುದು ಬೇಡವೆಂದೆವು. ಬೇಲಿಯ ಬುಡದಲ್ಲಿ ಹೂಳಿದೆವು.

ಅವನು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ತಪ್ಪು ಯಾರದು? ಯಂತ್ರದ್ದೆನ್ನೋಣವೆಂದರೆ ಅದು ಕೋಳಿಗಾಗಿ ಮಾಡಿದ್ದು. ಅದೇ ಯಂತ್ರದಲ್ಲಿ ಚಿಕ್ಕಪ್ಪನವರು ಯುಗಾದಿಗೆ ಮುಂಚೆ ಐವತ್ತು ಮೊಟ್ಟೆಯಿಟ್ಟು ನಲವತ್ತೊಂದು ಮರಿ ತೆಗೆದಿದ್ದಾರೆ. ಕರೆಂಟು ಹೋಗಿ ಬಂದರೆ ಏನಾಗುತ್ತದೆಂದು ನಾವು ಒಂದು ಸಲ ಪ್ಲಗ್ಗು ಕಿತ್ತು ಹಾಕಿ ನೋಡಿದ್ದರೆ ಸಾಕಾಗಿತ್ತು. ನಮ್ಮ ಪೆಟ್ಟಿಗೆಯನ್ನು ಎರಡು ದಿನ ಬರಿದೆ ಓಡಿಸಿದೆವು. ಕೊಂಡ ವಸ್ತುವಾದ್ದರಿಂದ ಅದನ್ನು ಯಾರೂ ಪರೀಕ್ಷಿಸಲಿಲ್ಲ. ಕೆಂಪಗೆ ಹೊಳೆಯುವ ಅಂಕಿಯನ್ನು ನಂಬಿದೆವು. ಎಂಟು ಜನರಲ್ಲಿ ಒಬ್ಬನು ಮದುವೆಗೆ ಹೋದರೆ ಉಳಿದ ಏಳು ಜನಕ್ಕೆ ಬೇರಿಕೆ ರಸ್ತೆ ದೂರವಾಗಿತ್ತೇನು? ಆ ಮೊಟ್ಟೆಗಳು ಅವನ ಪಾಲಿನವೆಂದು ನಾವು ಮನಸ್ಸಿನಲ್ಲಿ ಎಣಿಸಿಕೊಂಡಿದ್ದೆವು. ಸೋತರೆ ಅವನು ಸೋತಂತೆ ಎಂಬ ಸಣ್ಣತನವೂ ಸ್ವಲ್ಪ ಇತ್ತು. ಹಸಿರುಮನೆಯ ಹುಡುಗಿ ಮೂರನೆಯ ದಿನ ಶಾಖದ ಪುಸ್ತಕವನ್ನು ಅವನ ಮುಂದೆ ಇಟ್ಟು, "ಇವತ್ತು ಸಾಯಂಕಾಲದ್ದು ನೀನು ಬರಿ" ಎಂದಳು. ಅವನು ಬರೆದ. ಅಂದಿನಿಂದ ಕೊನೆಯವರೆಗೂ ಸಾಯಂಕಾಲದ ಅಂಕಿಗಳೆಲ್ಲ ಅವನ ಕೈಬರಹದಲ್ಲಿಯೇ ಇವೆ.

ಆಗಸ್ಟ್ 7, ಐವತ್ತೆರಡನೆಯ ದಿನ. ಬೆಳಿಗ್ಗೆ ಮುಚ್ಚಳ ತೆಗೆದಾಗ ಒಂದು ಮೊಟ್ಟೆಯ ಮೇಲೆ ಬೆವರಿನಂಥ ಹನಿಗಳಿದ್ದವು. ಎರಡನೆಯ ಪಿರಿಯಡ್ ಹೊತ್ತಿಗೆ ಚಿಪ್ಪಿನಲ್ಲಿ ಬ್ಲೇಡಿನಿಂದ ಗೀರಿದಂಥ ಸೀಳು. ಸೀಳಿನಿಂದ ಮೂತಿಯೊಂದು ಹೊರಬಂದು, ಅಲ್ಲಿಯೇ ನಿಂತುಬಿಟ್ಟಿತು. ಎಳೆಯಬೇಕೆಂದು ನಮಗೆಲ್ಲ ಕೈ ತುರಿಸುತ್ತಿತ್ತು. ಮೇಷ್ಟ್ರು ನಮ್ಮ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುವಂತೆ ಹೇಳಿದರು. ಒಂದೂವರೆ ಗಂಟೆಯಾದ ಮೇಲೆ, ಯಾರೋ ಒಳಗಿನಿಂದ ತಳ್ಳಿದಂತೆ ಮರಿ ಒಂದೇ ಸಲಕ್ಕೆ ಹೊರಬಿತ್ತು. ಬಾಲವೇ ಮೈಯ ಎರಡರಷ್ಟು ಉದ್ದ. ತಲೆ ಎತ್ತಿ ನಮ್ಮನ್ನು ನೋಡಿತು. ಬೇಲಿಯ ಮೇಲಿನ ದೊಡ್ಡವರ ಹಾಗೆಯೇ ತಲೆಯನ್ನು ಎರಡು ಸಲ ಆಡಿಸಿತು. ಮರುದಿನದೊಳಗೆ ನಾಲ್ಕು ಮರಿಗಳಾದವು. ಐದನೆಯ ಮೊಟ್ಟೆ ಬಿರಿಯಲಿಲ್ಲ. ಗಂಡೋ ಹೆಣ್ಣೋ ಎಂದು ಎಲ್ಲರೂ ಕೇಳುತ್ತಾರೆ. ಆ ವಯಸ್ಸಿನಲ್ಲಿ ನೋಡಿ ಹೇಳುವಂತಿಲ್ಲ.

ಅಂದು ಸಾಯಂಕಾಲವೇ ಬೇಲಿಗೆ ಒಯ್ದೆವು. ಡಬ್ಬಿಯನ್ನು ಓರೆ ಮಾಡಿದವನು ಎತ್ತರದ ಹುಡುಗ. ಮೂರು ಸರ್ರನೆ ಹೋದವು. ಒಂದು ಅವನ ಅಂಗಿಯ ತೋಳನ್ನು ಹಿಡಿದು ಹೆಗಲವರೆಗೆ ಏರಿ ಕೂತಿತು. ಅವನು ಉಸಿರು ಬಿಡದೆ ನಿಂತ. ಐದು ನಿಮಿಷವಾದ ಮೇಲೆ ಅದು ತನಗೆ ತೋಚಿದಾಗ ಒಂದು ಕೊಂಬೆಗೆ ಹಾರಿತು.

ಮಡಕೆಯನ್ನು ನಾವು ಈ ಗಡಿಬಿಡಿಯಲ್ಲಿ ಹೆಚ್ಚುಕಡಿಮೆ ಮರೆತೇಬಿಟ್ಟಿದ್ದೆವು. ಮಣ್ಣು ನಮ್ಮ ಪೆಟ್ಟಿಗೆಗಿಂತ ತಂಪು, ಆದ್ದರಿಂದ ತಡವಾದೀತೆಂದು ಲೆಕ್ಕ ಹಾಕಿದ್ದೆವು. ಗಣೇಶನ ಹಬ್ಬ ಕಳೆದು ಆಗಸ್ಟ್ 30ರಂದು ಅಜ್ಜಿಯನ್ನೂ ಕರೆದುಕೊಂಡು ಹೋಗಿ ನೋಡಿದರೆ, ತಂತಿಬಲೆಯ ಒಂದು ಮೂಲೆ ಮಳೆಗೆ ಸಡಿಲಾಗಿ ಎದ್ದಿತ್ತು. ಮಣ್ಣನ್ನು ಬೆರಳಿನಿಂದ ಸರಿಸಿದೆವು. ಒಂದು ಮೊಟ್ಟೆ ಬೂಸಲು ಹಿಡಿದು ಕಪ್ಪಾಗಿತ್ತು. ಉಳಿದ ಮೂರು ಬರಿಯ ಚಿಪ್ಪು. ಒಂದೊಂದರಲ್ಲೂ ಬ್ಲೇಡಿನಿಂದ ಗೀರಿದಂಥ ಸೀಳು.

"ಯಾವಾಗ ಹೊರಗೆ ಬಂದ್ವು ಅಜ್ಜಿ?" ಎಂದು ಕೇಳಿದೆವು.

"ನಿಮ್ಮನ್ನ ಕೇಳಿಕೊಂಡು ಬರ್ತವೇನ್ರೋ?" ಎಂದರು ಅಜ್ಜಿ.

ಸಂಘದ ಗಂಟಿನಲ್ಲಿ ಈಗ 1,140 ರೂಪಾಯಿ ಉಳಿದಿದೆ. ಕೋಳಿಯಂತ್ರ ಕೊಳ್ಳುವ ಮಾತು ಮತ್ತೆ ಬಂದಿದೆ. ಈ ಸಲ ಕೋಳಿಮೊಟ್ಟೆಗೇ. ಮಾತೆತ್ತಿದವಳು ಹಸಿರುಮನೆಯ ಹುಡುಗಿ. ಬೇಡ, ನಾವೇ ಮಾಡೋಣ ಎನ್ನುತ್ತಿರುವವನು ಎತ್ತರದ ಹುಡುಗ. ಪೈಪಿನ ಕಾಲುವೆ ಮುಚ್ಚಿ ಅದರ ಮೇಲೆ ಹುಲ್ಲು ಬೆಳೆದಿದೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಬೇಲಿಯ ಕಡ್ಡಿಗಳ ಮೇಲೆ ಬೆರಳುದ್ದದ ಮರಿಗಳು ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಅವು ಪೆಟ್ಟಿಗೆಯವೋ, ಮಡಕೆಯವೋ, ನಾವು ಕಾಣದ ಇನ್ನಾವುದೋ ಗೂಡಿನವೋ! ಓತಿಕ್ಯಾತಕ್ಕೆ ಬೇಲಿ ಸಾಕ್ಷಿ.